ಪರಶುರಾಮ ಕುಂಡಕ್ಕೆ ಎರಡು ಲೋವರ್ ಬರ್ತ್

ಸರಸರ, ಸರಸರ. ರೇಷ್ಮೆ ಹುಳುಗಳು ಕೊನೆಯ ವಾರದಲ್ಲಿ ಸೊಪ್ಪು ಮೇಯುವ ಸದ್ದು. ಕೇಳಿದವರೆಲ್ಲ ಸೋನೆ ಮಳೆ ಇದ್ದ ಹಾಗೆ ಅನ್ನುತ್ತಾರೆ. ನನಗೆ ಯಾವತ್ತೂ ಮಳೆ ಅನ್ನಿಸಲಿಲ್ಲ. ಮದುವೆಯಾಗಿ ಕೈಲಾಂಚದ ಆ ಮನೆಗೆ ಬಂದ ಹೊಸದರಲ್ಲಿ, ನಡುಮನೆಯ ಗೋಡೆಯಾಚೆಯಿಂದ ಅದು ಕೇಳಿಸಿದಾಗ ನೆನಪಾದದ್ದು ಬೆಂಗಳೂರಿನ ನನ್ನ ಕಾನ್ವೆಂಟಿನ ಎಕ್ಸಾಮ್ ಹಾಲ್. ನೂರು ಹುಡುಗಿಯರು ತಲೆ ತಗ್ಗಿಸಿ ಕೂತು, ನೂರು ನಿಬ್ಬುಗಳು ಕಾಗದದ ಮೇಲೆ ಓಡುವಾಗ ಹೀಗೇ ಕೇಳಿಸುತ್ತಿತ್ತು. ಮೇಜುಗಳ ನಡುವೆ ಸಿಸ್ಟರ್ ಒಬ್ಬರು ಹೆಜ್ಜೆ ಸದ್ದಾಗದಂತೆ ಓಡಾಡುತ್ತಿದ್ದರು. ಹುಳದ ಮನೆಯಲ್ಲಿ ಆ ಸಿಸ್ಟರ್ ಜಾಗದಲ್ಲಿ ಅಕ್ಕ ಇದ್ದರು.

ಅಕ್ಕ ಅಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ. ನನಗಿಂತ ನಾಲ್ಕು ವರ್ಷ ದೊಡ್ಡವರು. ಶಾಲೆಗೆ ಹೋಗಿದ್ದು ಎರಡೋ ಮೂರೋ ವರ್ಷ. ನಾನೋ ಇಂಗ್ಲಿಷಿನಲ್ಲಿ ಪ್ರಾರ್ಥನೆ ಹೇಳಿ, ಟೇಬಲ್ ಮ್ಯಾನರ್ಸ್ ಕಲಿತು ಬಂದವಳು. ಮರಿಹುಳಕ್ಕೆ ಸೊಪ್ಪು ಹೆಚ್ಚಲು ಕೂತರೆ ಬೆರಳು ಕುಯ್ದುಕೊಳ್ಳುತ್ತಿದ್ದೆ. ಅಕ್ಕ ಚಾಕು ಕಿತ್ತುಕೊಂಡು, "ಕಾನ್ವೆಂಟಮ್ಮ, ನೀನು ಅತ್ಲಾಗ್ ಕೂತ್ಕೊಂಡು ಕಥೆ ಹೇಳು. ಅದೊಂದು ಚಂದಾಗ್ ಬತ್ತದೆ ನಿಂಗೆ" ಅನ್ನುತ್ತಿದ್ದರು. ಹಂಗಿಸಿದ್ದು ಹೌದು. ಆದರೆ ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಸಲಿಗೆಯೂ ಅದೇ ಹೆಸರು.

ಅಕ್ಕನ ಕೈ ಹುಳ ಆರಿಸುವುದರಲ್ಲಿ ಊರಿಗೇ ಹೆಸರಾಗಿತ್ತು. ಹಗಲು ರಾತ್ರಿ ಮೇಯ್ದ ಹುಳ ಒಂದು ದಿನ ಇದ್ದಕ್ಕಿದ್ದಂತೆ ತಲೆಯೆತ್ತಿ ಸುಮ್ಮನಾಗುತ್ತದೆ. ಮೈ ದ್ರಾಕ್ಷಿಯ ಹಾಗೆ ತಿಳಿಯಾಗುತ್ತದೆ. ಅದಕ್ಕೆ ಹಣ್ಣಾಗುವುದು ಅನ್ನುತ್ತಾರೆ. ಹಣ್ಣಾದವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರಿನ ದಬ್ಬೆಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಹೆಣೆದ ಆ ಚಾಪೆಯಲ್ಲಿ ಅವು ಗೂಡು ಕಟ್ಟುತ್ತವೆ. ಅವಸರ ಮಾಡಿದರೆ ಹುಳ ಹಾಳು, ತಡವಾದರೆ ನೂಲು ಹಾಳು. ಅಕ್ಕ ಒಂದೊಂದು ಹುಳವನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ನೋಡಿ ಬಿಡುತ್ತಿದ್ದರು. ಎಕ್ಸ್‌ರೇ ನೋಡುವ ಡಾಕ್ಟರ ಹಾಗೆ.

ಆಗ ಇನ್ನೊಂದು ಕಟ್ಟಳೆ ಇತ್ತು. ಸಾವಿನ ಮನೆಗೆ ಹೋಗಿ ಬಂದವರು ಸೂತಕ ಕಳೆಯುವ ತನಕ ಹುಳದ ಮನೆಯ ಹೊಸಿಲು ದಾಟುವಂತಿರಲಿಲ್ಲ. ದಾಟಿದರೆ ಹುಳಕ್ಕೆ ರೋಗ ಬರುತ್ತದೆ ಅಂತ. ನಂಬಿಕೆಯೋ ಮೂಢನಂಬಿಕೆಯೋ, ಆ ಹೊಸಿಲಿನಷ್ಟು ಸ್ಟ್ರಿಕ್ಟ್ ಆದ ಗೇಟು ನನ್ನ ಕಾನ್ವೆಂಟಿಗೂ ಇರಲಿಲ್ಲ.

ಒಂದು ಬೆಳಿಗ್ಗೆ ಹುಳದ ಮನೆ ಮೌನವಾಗಿತ್ತು. ಹಣ್ಣಾದ ಹುಳ ಮೇಯುವುದಿಲ್ಲವಲ್ಲ. ವಾರವಿಡೀ ಕಿವಿಗೆ ಅಂಟಿಕೊಂಡಿದ್ದ ಸದ್ದು ನಿಂತಾಗ ಇಡೀ ಮನೆ ಉಸಿರು ಬಿಗಿಹಿಡಿದ ಹಾಗೆ ಇತ್ತು. ರಾಮನಗರದಿಂದ ಸೈಕಲ್ಲಿನಲ್ಲಿ ಒಬ್ಬ ಬಂದು ಟೆಲಿಗ್ರಾಂ ಕೊಟ್ಟು ಹೋದ. ಗಂಡಸರೆಲ್ಲ ತೋಟದಲ್ಲಿದ್ದರು. ಇಂಗ್ಲಿಷ್ ಓದುವವಳು ಮನೆಯಲ್ಲಿ ನಾನೊಬ್ಬಳೇ. ಮಾಗಡಿ ಕಡೆ ಅಕ್ಕನ ತವರಿನಿಂದ ಬಂದಿತ್ತು: ತಾಯಿ ಸೀರಿಯಸ್, ಕೂಡಲೇ ಹೊರಟು ಬನ್ನಿ.

ಅತ್ತೆ ನನ್ನ ಮೊಣಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. "ಏನೈತೆ ಅದ್ರಲ್ಲಿ?"

ಓದಿ ಹೇಳಿದೆ. ಅವರು ಹುಳದ ಮನೆಯ ಕಡೆ ನೋಡಿದರು. ಅಲ್ಲಿ ಗೋಡೆ ತುಂಬ ಹಣ್ಣಾದ ಹುಳದ ತಟ್ಟೆ. ಆರಿಸುವ ಕೈ ಒಂದೇ.

"ಈಗ ಅವ್ಳು ಹೋಗಿ, ಅಲ್ಲಿ ಆಗಬಾರದ್ದು ಆಗೋದ್ರೆ, ವಾಪಸ್ ಬಂದು ಒಳಿಕ್ಕೆ ಕಾಲಿಡಂಗಿಲ್ಲ. ಎರಡು ದಿನ ಕಣವ್ವ. ಹುಳ ಚಂದ್ರಿಕೆಗೆ ಬುಟ್ಬುಡ್ಲಿ, ಆಮೇಲೆ ನಾನೇ ಗಾಡಿ ಕಟ್ಸಿ ಕಳಿಸ್ತೀನಿ. ಒಸಿ ಮೈ ಹುಷಾರಿಲ್ವಂತೆ ಅನ್ನು. ನೀನ್ ಹೇಳುದ್ರೆ ನಂಬ್ತಾಳೆ, ಓದಿರೋಳು."

ಅತ್ತೆ ಕೆಟ್ಟವರಲ್ಲ. ಎರಡು ದಿನದಲ್ಲಿ ಯಾರೂ ಸಾಯುವುದಿಲ್ಲ ಅಂತ ನಿಜವಾಗಿಯೂ ನಂಬಿದ್ದರು. ನನಗಾಗ ಇಪ್ಪತ್ತೆರಡು. ಬಂದು ಐದು ತಿಂಗಳಾಗಿತ್ತು, ಸೊಪ್ಪು ಹೆಚ್ಚಲೂ ಬಾರದವಳು. ಮೊದಲ ಸಲ ನನ್ನ ಓದು ಆ ಮನೆಗೆ ಉಪಯೋಗಕ್ಕೆ ಬರುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾನೆಸ್ಟ್ ಆಗಿ ಹೇಳಬೇಕೆಂದರೆ, ಒಳಗೆಲ್ಲೋ ಸಣ್ಣ ಹೆಮ್ಮೆಯೂ ಇತ್ತು. ಹುಳದ ಮನೆಯ ಬಾಗಿಲಲ್ಲಿ ನಿಂತು, ಎಲೊಕ್ಯೂಷನ್ ಕ್ಲಾಸಿನಲ್ಲಿ ಕಲಿಸಿದಂತೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸುವ ಹಾಗೆ ಹೇಳಿದೆ:

"ಅಕ್ಕ, ನಿಮ್ಮ ತಾಯಿಗೆ ಸ್ವಲ್ಪ ಮೈ ಹುಷಾರಿಲ್ಲವಂತೆ. ಅವಸರ ಏನಿಲ್ಲವಂತೆ."

ಅಕ್ಕ ಒಂದು ಹುಳವನ್ನು ಬೆಳಕಿಗೆ ಹಿಡಿದಿದ್ದರು. ನನ್ನ ಕಡೆ ತಿರುಗಲಿಲ್ಲ. "ಹೂಂ" ಅಂದರು. ಅದನ್ನು ಚಂದ್ರಿಕೆಗೆ ಬಿಟ್ಟು ಇನ್ನೊಂದನ್ನು ಎತ್ತಿಕೊಂಡರು.

ಮೂರನೆಯ ದಿನ ಅವರು ತವರು ಸೇರುವ ಹೊತ್ತಿಗೆ ತಾಯಿಯನ್ನು ಮಣ್ಣು ಮಾಡಿ ಆಗಿತ್ತು. ಹಿಂದಿನ ದಿನ ಸಂಜೆಯ ತನಕ ಮಗಳಿಗಾಗಿ ಕಾದರಂತೆ.

ಆಮೇಲೆ ಅಕ್ಕ ಯಾರನ್ನೂ ದೂರಲಿಲ್ಲ. ಯಾರಾದರೂ ಆ ಮಾತೆತ್ತಿದರೆ "ನಾನು ಹೋಗ್ಲಿಲ್ಲ" ಅನ್ನುತ್ತಿದ್ದರು, ಅಷ್ಟೇ. ಕಳಿಸಲಿಲ್ಲ ಅಂತ ಒಂದು ಸಲವೂ ಅನ್ನಲಿಲ್ಲ. ಆದರೆ ಒಂದು ಅಭ್ಯಾಸ ಅಂಟಿಕೊಂಡಿತು. ಬಾಗಿಲಲ್ಲಿ ಪೋಸ್ಟಿನವರ ಬೆಲ್ಲು ಕೇಳಿಸಿದರೆ ಮೊದಲು ಚಪ್ಪಲಿ ಮೆಟ್ಟಿಕೊಂಡು, ಆಮೇಲೆ ಏನು ಅಂತ ಕೇಳುತ್ತಿದ್ದರು. ಮನೆಗೆ ಫೋನ್ ಬಂದ ಮೇಲೂ ಹಾಗೇ. ಸೊಸೆ ಮೊಬೈಲ್ ಕೊಡಿಸಿದ ಮೇಲೂ ಹಾಗೇ. ಚಪ್ಪಲಿ ಮೊದಲು, ಹಲೋ ಆಮೇಲೆ. ಮೊಮ್ಮಕ್ಕಳು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ನಮ್ಮ ಕಾನ್ವೆಂಟಿನ ಚಾಪೆಲ್‌ನಲ್ಲಿ ಕನ್ಫೆಷನ್ನಿಗೆ ಮರದ ಒಂದು ಪುಟ್ಟ ಗೂಡಿತ್ತು. ಶನಿವಾರ ಕ್ರಿಶ್ಚಿಯನ್ ಹುಡುಗಿಯರು ಒಬ್ಬೊಬ್ಬರಾಗಿ ಮುಖ ಸಣ್ಣದು ಮಾಡಿಕೊಂಡು ಅದರೊಳಗೆ ಹೋಗಿ, ಐದು ನಿಮಿಷಕ್ಕೆ ಕುಣಿಯುತ್ತಾ ಹೊರಗೆ ಬರುತ್ತಿದ್ದರು. ನಮಗೆ, ಹಿಂದೂ ಹುಡುಗಿಯರಿಗೆ, ಅದರ ಹತ್ತಿರ ಹೋಗಲು ಬಿಡುತ್ತಿರಲಿಲ್ಲ. ಮದುವೆಯಾದ ಮೇಲೆ ಆ ಗೂಡು ನನಗೆ ಎಷ್ಟೋ ಸಲ ನೆನಪಾಗಿದೆ. ಅತ್ತೆ ಹೋದರು, ಭಾವ ಹೋದರು, ನನ್ನ ಯಜಮಾನರೂ ಹೋದರು. ನಾನು ರಾಮನಗರದ ಮನೆಯಲ್ಲಿ ಮಗಳ ಜೊತೆ ಇರಲು ಬಂದೆ. ಆ ಟೆಲಿಗ್ರಾಂನಲ್ಲಿ ಇದ್ದದ್ದೇನು, ನಾನು ಓದಿ ಹೇಳಿದ್ದೇನು, ಎರಡೂ ಗೊತ್ತಿದ್ದವಳು ಕೊನೆಗೆ ನಾನೊಬ್ಬಳೇ ಉಳಿದೆ.

ನಾಲ್ಕು ವರ್ಷದ ಹಿಂದೆ, ದೀಪಾವಳಿಗೆ ಮುಂಚೆ, ಅಕ್ಕನ ಫೋನ್ ಬಂತು.

"ಕಾನ್ವೆಂಟಮ್ಮ, ಪರಶುರಾಮನ ಕೈಯಿಂದ ಕೊಡಲಿ ಬಿದ್ದೋಗಿದ್ದು ಎಲ್ಲಿ, ಗೊತ್ತಾ ನಿಂಗೆ?"

"ಗೊತ್ತಿಲ್ಲ ಅಕ್ಕ."

"ಅದೇನ್ ಓದಿದ್ದೀಯೋ! ಅರುಣಾಚಲ ಅಂತೆ. ಚೀನಾ ಬಾರ್ಡರ್ ತಾವ. ಚನ್ನಪಟ್ಟಣದ ಟೂರ್‌ನೋರು ಕರ್ಕೊಂಡೋಯ್ತಾರಂತೆ. ನಾನು ಹೆಸರು ಕೊಟ್ಬುಟ್ಟೆ. ನಿಂದೂ ಕೊಟ್ಟಿದ್ದೀನಿ. ಇಬ್ಬರಿಗೂ ಕೆಳಗಿನ ಸೀಟು ಹೇಳಿದ್ದೀನಿ."

ಅಕ್ಕನ ತವರಿನ ದೇವರು ಎಲ್ಲಮ್ಮ, ಅಂದರೆ ರೇಣುಕೆ. ಅಲ್ಲಿ ದೇವಿಗೆ ಮೈಯಿಲ್ಲ, ನೆಲದ ಮೇಲೆ ತಲೆ ಮಾತ್ರ. ಅಪ್ಪನ ಮಾತು ಕೇಳಿ ಪರಶುರಾಮ ತಾಯಿಯ ತಲೆ ಕಡಿದ, ಕೊಡಲಿ ಅವನ ಕೈಗೆ ಅಂಟಿಕೊಂಡುಬಿಟ್ಟಿತು. ಎಷ್ಟು ನದಿ ಮುಳುಗಿದರೂ ಬಿಡಲಿಲ್ಲ. ಕೊನೆಗೆ ದೇಶದ ತುದಿಯ ಒಂದು ಕುಂಡದಲ್ಲಿ ಮಿಂದಾಗ ಬಿಟ್ಟಿತು. ಕಥೆಯ ಮೊದಲರ್ಧ ಅಕ್ಕನಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಉಳಿದರ್ಧ ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಟೂರ್‌ನವರ ಪಾಂಪ್ಲೆಟ್ಟಿನಿಂದ ಗೊತ್ತಾಗಿತ್ತು.

"ತಾಯಿ ಕೊಂದ ಪಾಪ ಅಲ್ಲಿ ಹೋಯ್ತದಂತೆ ಕಣೆ. ಕಾಶೀಲಿ ಹೋಗದೇ ಇರೋದು ಅಲ್ಲಿ ಹೋಯ್ತದಂತೆ" ಅಂದರು. ಧ್ವನಿಯಲ್ಲಿ ಅಳುವೇನೂ ಇರಲಿಲ್ಲ. ಮೊಣಕಾಲು ನೋವಿಗೆ ಒಳ್ಳೆ ಡಾಕ್ಟರ್ ಸಿಕ್ಕರು ಅನ್ನುವ ಹಾಗೆ ಹೇಳಿದರು. ನಾನು ಫೋನ್ ಹಿಡಿದು ನಿಂತೇ ಇದ್ದೆ. ಮಗಳು ಬಂದು "ಯಾಕಮ್ಮ ಹಾಗೆ ನಿಂತಿದ್ದೀಯ?" ಅಂತ ಕೇಳಿದಳು.

ನಮ್ಮ ಸಿಸ್ಟರ್ ಜಿಯಾಗ್ರಫಿ ಕ್ಲಾಸಿನಲ್ಲಿ ಇಂಡಿಯಾ ಮ್ಯಾಪ್ ಬಿಡಿಸಲು ಹೇಳಿದಾಗಲೆಲ್ಲ, ಬಲಗಡೆ ಮೇಲಿನ ಮೂಲೆಗೆ ಬರುವ ಹೊತ್ತಿಗೆ ನನ್ನ ಕಾಗದ ಮುಗಿದಿರುತ್ತಿತ್ತು. ಈಗ ಅರುಣಾಚಲ ಅನ್ನುವ ಆ ಮೂಲೆಗೆ ಆಗ ನೀಫಾ ಅನ್ನುತ್ತಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ನೀಫಾ ಯಾವಾಗಲೂ ಅರ್ಧವೇ. ಪ್ಲಾನ್ ಯುವರ್ ಪೇಜ್ ಅಂತ ಸಿಸ್ಟರ್ ಕೆಂಪು ಇಂಕಿನಲ್ಲಿ ಬರೆಯುತ್ತಿದ್ದರು. ಆ ಉಳಿದರ್ಧಕ್ಕೆ ಮೂರು ರಾತ್ರಿಯ ರೈಲು ಹಿಡಿದು ಹೊರಟಾಗ ನನಗೆ ಎಪ್ಪತ್ತಮೂರು.

ಆ ರೈಲಿನ ದಿನಗಳನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. ನಮ್ಮ ಗುಂಪು ಇಪ್ಪತ್ತು ಜನ. ಅಕ್ಕ ಒಂದು ಡಬ್ಬಿ ತುಂಬ ರಾಗಿ ಹುರಿಹಿಟ್ಟು ತಂದಿದ್ದರು, ಬೆಲ್ಲ ಪುಡಿ ಬೇರೆ ಕಟ್ಟಿಕೊಂಡು. ಬೆಳಿಗ್ಗೆ ಕಲಸಿ ನನ್ನ ಬರ್ತಿನ ತುದಿಯಲ್ಲಿ ಇಡುತ್ತಿದ್ದರು. ಕಿಟಕಿಯಾಚೆ ಆಂಧ್ರ ಹೋಯಿತು, ಒಡಿಶಾ ಹೋಯಿತು, ಬಂಗಾಳದ ಕೆರೆಗಳು ಹೋದವು. ಐವತ್ತು ವರ್ಷ ಒಂದೇ ಮನೆತನದವರಾಗಿದ್ದರೂ ನಾವಿಬ್ಬರೇ ಹೀಗೆ ಎದುರುಬದುರು ಕೂತಿದ್ದು ಅದೇ ಮೊದಲು. ಮನೆಯಲ್ಲಿ ಯಾವಾಗಲೂ ನಡುವೆ ಒಂದು ಕೆಲಸ ಇರುತ್ತಿತ್ತು.

ಈ ಮೂರು ದಿನದಲ್ಲಿ ಹೇಳಿಬಿಡಬೇಕು ಅಂತ ಹೊರಟಿದ್ದೆ. ಮೊದಲನೆಯ ದಿನ ಪಕ್ಕದವರು ಇದ್ದರು. ಎರಡನೆಯ ದಿನ ಅಕ್ಕನಿಗೆ ತಲೆನೋವು. ಮೂರನೆಯ ದಿನ ಯಾವ ನೆಪವೂ ಇರಲಿಲ್ಲ, ಆದರೂ ಹೇಳಲಿಲ್ಲ.

ತಿನ್ಸುಕಿಯಾದಲ್ಲಿ ಇಳಿದು ಬಸ್ಸಿಗೆ ಕಾಯುವಾಗ ಮಾರ್ಕೆಟ್ಟಿನಲ್ಲಿ ಅಕ್ಕ ಒಂದು ಬುಟ್ಟಿಯ ಮುಂದೆ ಗಕ್ಕನೆ ನಿಂತರು. ಬುಟ್ಟಿಯಲ್ಲಿ ಗೂಡಿನಿಂದ ತೆಗೆದ ರೇಷ್ಮೆ ಕೋಶಗಳು, ಒಳಗಿನ ಹುಳ. ತರಕಾರಿಯ ಹಾಗೆ ಮಾರಾಟಕ್ಕೆ.

"ಇವು ನಮ್ಮವಲ್ಲ. ಯಾವ್ ಸೊಪ್ಪು ತಿಂತವೆ ಕೇಳೆ."

ಇದ್ದಷ್ಟು ಹಿಂದಿಯಲ್ಲಿ ಕೇಳಿದೆ. ಹರಳು ಗಿಡದ ಎಲೆ ತಿನ್ನುವ ಹುಳವಂತೆ. ಹುರಿದು ಊಟಕ್ಕೆ ಹಾಕಿಕೊಳ್ಳುತ್ತಾರಂತೆ, ಅಂದೆ.

"ಅಯ್ಯೋ ಶಿವನೇ! ನಿಜ ಹೇಳ್ತಿದ್ದೀಯೋ, ಒಸಿ ಬುಟ್ಟು ಹೇಳ್ತಿದ್ದೀಯೋ?" ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ಬಸ್ ಹತ್ತುವಾಗ ಅಂದರು, "ನಾವು ಬೇಯ್ಸಿ ನೂಲು ತೆಕ್ಕೊಂಡು ಬಿಸಾಕ್ತೀವಿ. ಇವ್ರು ತಿಂತಾರೆ. ಯಾರ್ ಪಾಪ ಹೆಚ್ಚು, ನೀನೇ ಹೇಳು ಮತ್ತೆ."

ಅರುಣಾಚಲದ ಗೇಟಿನಲ್ಲಿ ಬಸ್ ನಿಲ್ಲಿಸಿ ಎಲ್ಲರ ಪರ್ಮಿಟ್ ನೋಡಿದರು. ಅಕ್ಕನಿಗೆ ಅದು ಅರ್ಥವೇ ಆಗಲಿಲ್ಲ. "ನಮ್ ದೇಶದೊಳಗೆ ನಾವು ಓಡಾಡಕ್ಕೂ ಚೀಟಿನಾ? ತವರಿಗೆ ಹೋಗಿ ಬತ್ತೀನಿ ಅಂತ ಅತ್ತೇನ ಕೇಳ್ದಂಗಾಯ್ತು." ಇಡೀ ಬಸ್ ನಕ್ಕಿತು. ನಾನು ಪರ್ಸಿನಲ್ಲಿ ಕನ್ನಡಕ ಹುಡುಕುವವಳ ಹಾಗೆ ತಲೆ ಬಗ್ಗಿಸಿದೆ.

ಅಲ್ಲಿಂದ ಮುಂದೆ ಬೆಟ್ಟಗಳು ಶುರುವಾದವು. ಒಂದರ ಹಿಂದೆ ಒಂದು, ಕೊನೆಯವು ಬೆಟ್ಟವೋ ಮೋಡವೋ ತಿಳಿಯದ ಹಾಗೆ. ರಸ್ತೆ ಬದಿಯಲ್ಲಿ ಮಿಲಿಟರಿ ಲಾರಿಗಳು. ಕಂಬಗಳ ಮೇಲೆ ನಿಲ್ಲಿಸಿದ ಉದ್ದುದ್ದ ಬಿದಿರಿನ ಮನೆಗಳು. ಕಿತ್ತಳೆ ತೋಟಗಳಲ್ಲಿ ಹಣ್ಣು ದೀಪ ಹಚ್ಚಿದ ಹಾಗೆ. ಹುಟ್ಟಿದಾಗಿನಿಂದ ರಾಮನಗರದ ಬೋಳು ಬಂಡೆಗಳನ್ನೇ ಬೆಟ್ಟ ಅಂತ ನೋಡಿದ ಅಕ್ಕನಿಗೆ ಸಮಾಧಾನವಿಲ್ಲ. "ಎಲ್ಲೂ ಬಂಡೆನೇ ಕಾಣಂಗಿಲ್ವಲ್ಲೇ. ಬೆಟ್ಟ ಅಂದ್ಮೇಲೆ ಬಂಡೆ ಬ್ಯಾಡ್ವಾ?"

ಚನ್ನಪಟ್ಟಣದ ಟೂರ್ ಮ್ಯಾನೇಜರ್ ಎದ್ದು ನಿಂತು ಕೈ ತೋರಿಸಿದರು. "ಆ ಬೆಟ್ಟದಾಚೆ ಚೀನಾ, ಅಮ್ಮೋರೇ."

"ಅದ್ರಾಚೆ?"

"ಅದ್ರಾಚೆ ನಂಗೊತ್ತಿಲ್ಲ. ನನ್ ಟೂರು ಕುಂಡಕ್ಕೇ ಕೊನೆ."

ಕುಂಡದ ಮೇಲ್ಗಡೆ, ಮೆಟ್ಟಿಲು ಶುರುವಾಗುವಲ್ಲಿ, ಒಬ್ಬ ಹೆಂಗಸು ಟೀ ಅಂಗಡಿ ಇಟ್ಟುಕೊಂಡಿದ್ದರು. ಮಿಶ್ಮಿ ಜನದವರು, ನಮ್ಮ ವಯಸ್ಸೇ ಇರಬೇಕು. ಗಿರಾಕಿ ಇಲ್ಲದಾಗ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ನೆಲದ ಮೇಲೆ ಕೂತು ಬಟ್ಟೆ ನೇಯುತ್ತಿದ್ದರು. ಅಕ್ಕ ನೇರವಾಗಿ ಹೋಗಿ ನೂಲು ಮುಟ್ಟಿ ನೋಡಿದರು. ಅವರು ತಮ್ಮ ಭಾಷೆಯಲ್ಲಿ ಏನೋ ಅಂದರು, ಅಕ್ಕ ಕನ್ನಡದಲ್ಲಿ ಏನೋ ಅಂದರು, ಇಬ್ಬರೂ ತಲೆಯಾಡಿಸಿದರು. ನಾನು ಟೀ ಕುಡಿಯುತ್ತಾ, ಕೊಡಲಿ ಬಿದ್ದ ಜಾಗ ಸರಿಯಾಗಿ ಯಾವುದು ಅಂತ ಹಿಂದಿಯಲ್ಲಿ ಕೇಳಿದೆ.

ಅವರು ಮಗ್ಗದಿಂದ ಕೈ ತೆಗೆಯದೇ ಹೇಳಿದರು. ಹಳೆಯ ಕುಂಡ ಈಗಿಲ್ಲ. ಅವರ ಹಿರಿಯರ ಕಾಲದಲ್ಲಿ ಭೂಮಿ ನಡುಗಿ ಬೆಟ್ಟ ಜಾರಿತಂತೆ. ಬಂಡೆಗಳು ಉರುಳಿ ಬಂದವು, ನದಿ ಕುಂಡವನ್ನು ನುಂಗಿತು. ಈಗ ಜನ ಮೀಯುವುದು ಆ ಬಿದ್ದ ಬಂಡೆಗಳ ನಡುವಿನ ನೀರಿನಲ್ಲಿ.

"ಏನಂತೆ?" ಅಂದರು ಅಕ್ಕ.

ನಾನು ಅವರ ಮುಖ ನೋಡಿದೆ. ಬಟ್ಟೆಯ ಗಂಟು ಎದೆಗೆ ಒತ್ತಿಕೊಂಡಿದ್ದರು. ಮೂರು ರಾತ್ರಿ, ಮೂರು ಹಗಲು ರೈಲಿನಲ್ಲಿ ಕೂತು ಬಂದಿದ್ದರು.

"ಇದೇ ಜಾಗವಂತೆ ಅಕ್ಕ. ನೀರು ತುಂಬಾ ತಣ್ಣಗಿದೆಯಂತೆ, ಹುಷಾರಾಗಿ ಇಳೀರಿ ಅಂದರು."

ಬಾಯಿಂದ ಬಂದ ಮೇಲೆ ಕೇಳಿಸಿತು. ಅದೇ ಧ್ವನಿ. ಎಲೊಕ್ಯೂಷನ್ ಕ್ಲಾಸಿನ ಧ್ವನಿ. ಹುಳದ ಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿಯದು.

ಮೆಟ್ಟಿಲುಗಳು ಮುಗಿಯುವಂತೆಯೇ ಇರಲಿಲ್ಲ. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಒಬ್ಬರನ್ನೊಬ್ಬರು ಹಿಡಿದು ಇಳಿದೆವು. ಕೆಳಗೆ ಲೋಹಿತ ನದಿ, ಗಾಜಿನ ಹಸಿರು, ಬಂಡೆಗಳನ್ನು ಸುತ್ತಿ ಭೋರ್ಗರೆಯುತ್ತಿತ್ತು. ಗುಂಪಿನವರು ಆಗಲೇ ಮಿಂದು ಮೇಲೆ ಹತ್ತುತ್ತಿದ್ದರು. ಕೊನೆಯ ಮೆಟ್ಟಿಲಲ್ಲಿ ಅಕ್ಕ ಸೆರಗು ಬಿಗಿದು ನೀರಿಗೆ ಕಾಲಿಟ್ಟರು. ನಾನು ಅವರ ಕೈ ಬಿಡಲಿಲ್ಲ.

"ಅಕ್ಕ, ಮುಳುಗಬೇಡಿ. ನಾನು ಸುಳ್ಳು ಹೇಳಿದೆ. ಇದು ಆ ಕುಂಡ ಅಲ್ಲ. ಅದರ ಮೇಲೆ ಬಂಡೆ ಬಿದ್ದು ಹೋಯಿತಂತೆ."

ಅಕ್ಕ ನದಿ ನೋಡಿದರು. "ಬಂಡೆ ಬಿದ್ರೆ ಬೀಳ್ಲಿ. ನೀರೇನ್ ನಿಂತೈತಾ? ಅದೇ ನೀರು ತಾನೇ ಬತ್ತಾ ಇರೋದು? ಇಷ್ಟಕ್ಕೆ ಸುಳ್ಳು ಯಾಕೆ ಹೇಳ್ದೆ?"

"ಇಷ್ಟಕ್ಕಲ್ಲ. ಅವತ್ತೂ ಹೇಳಿದ್ದೆ. ಟೆಲಿಗ್ರಾಂನಲ್ಲಿ ಸೀರಿಯಸ್ ಅಂತ ಇತ್ತು. ಕೂಡಲೇ ಬನ್ನಿ ಅಂತ ಇತ್ತು. ಅತ್ತೆ ಹೇಳಿಸಿದರು, ನಾನು ಹೇಳಿದೆ. ಇದು ನಿಮ್ಮ ಪಾಪ ಅಲ್ಲ ಅಕ್ಕ. ನನ್ನದು. ಮುಳುಗಬೇಕಾದವಳು ನಾನು."

ನದಿಯ ಸದ್ದಿಗೆ ಕೇಳಿಸಿತೋ ಇಲ್ಲವೋ ಅನ್ನಿಸಿತು. ಕೇಳಿಸಿತ್ತು.

"ಮೈ ಹುಷಾರಿಲ್ಲ ಅಂತ ಯಾರಾದ್ರೂ ತಂತಿ ಕೊಡ್ತಾರೇನೆ?" ಅಂದರು ಅಕ್ಕ. "ತಂತಿ ಬಂದ್ರೆ ಏನು ಅಂತ ಊರಲ್ಲಿ ಯಾರಿಗ್ ಗೊತ್ತಿರ್ಲಿಲ್ಲ? ಸೈಕಲ್ ಸದ್ದು ನಂಗೂ ಕೇಳುಸ್ತು. ನೀನು ಹೇಳ್ದೆ, ನಾನು ಹೂಂ ಅಂದೆ. ಒಂದು ಮಾತು ತಿರುಗಿ ಕೇಳ್ಲಿಲ್ಲ. ಅದು ನಂದೇ."

"ಅಲ್ಲ, ನಂದು."

"ನನ್ ತಾಯಿ ಕಣೆ, ನಿನ್ ತಾಯಿ ಅಲ್ಲ! ನಂದು ಅಂದ್ಮೇಲೆ ನಂದು!"

ಮಂಜಿನಂಥ ನೀರಿನಲ್ಲಿ ಮೊಣಕಾಲ ತನಕ ನಿಂತು, ಇಬ್ಬರು ಮುದುಕಿಯರು ಪಾಪ ಯಾರದ್ದು ಅಂತ ಜಗಳವಾಡುತ್ತಿದ್ದೆವು. ಮೇಲಿನಿಂದ ಟೂರ್ ಮ್ಯಾನೇಜರ್ ಕೂಗಿದರು: "ಅಮ್ಮೋರೇ, ಬೇಗ ಮುಳುಗ್ರಪ್ಪಾ, ಮಧ್ಯಾಹ್ನದ ಊಟ ಅಲ್ಲೆಲ್ಲೋ ಹೇಳಿವ್ನಿ!"

ಆಗ ಅಕ್ಕ ನನ್ನ ಕೈ ಬಿಡಿಸಿಕೊಂಡರು. ದನಿ ತಗ್ಗಿಸಿ ಹೇಳಿದ ಆ ಮಾತು ನನಗೆ ಒಂದು ಅಕ್ಷರವೂ ಮರೆತಿಲ್ಲ.

"ನೀನು ನಿಜ ಹೇಳಿದ್ರೆ ನಾನು ಹೋಗ್ತಿದ್ನೋ, ಇಲ್ಲ ಹುಳನೇ ಆರಿಸ್ತಾ ಕೂತಿರ್ತಿದ್ನೋ, ಅದು ನಂಗೆ ಗೊತ್ತಾಗ್ತಿತ್ತು. ಐವತ್ತು ವರ್ಷ ಆಯ್ತು, ನಂಗೆ ಇನ್ನೂ ಗೊತ್ತಿಲ್ಲ. ಅದ್ನ ಕಿತ್ಕೊಂಡೆ ನೋಡು ನೀನು."

ತಿರುಗಿ ನಿಂತು ಮೂರು ಸಲ ಮುಳುಗಿದರು. ಒಬ್ಬರೇ. ನಾನೂ ಮುಳುಗಿದೆ, ಸ್ವಲ್ಪ ದೂರದಲ್ಲಿ. ತಣ್ಣನೆಯ ನೀರು ತಲೆಯ ಮೇಲೆ ಕಲ್ಲಿಟ್ಟ ಹಾಗೆ. ಎದ್ದಾಗ ನನ್ನ ಕೈಯಿಂದ ಏನೂ ಬಿದ್ದಿರಲಿಲ್ಲ. ಅಕ್ಕ ಆಗಲೇ ಕಂಬಿ ಹಿಡಿದು, ನನಗೆ ಕಾಯದೆ, ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು.

ವಾಪಸ್ ಬರುವ ಮೂರು ದಿನವೂ ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ಕುಂಡದ ಹತ್ತಿರ ಒಂದು ಚೀಲ ಕಿತ್ತಳೆ ಕೊಂಡಿದ್ದರು. ದಿನಕ್ಕೆ ನಾಲ್ಕು ಸುಲಿಯುತ್ತಿದ್ದರು. ಅರ್ಧ ತಾವು ತಿಂದು, ಅರ್ಧ ಪೇಪರಿನ ಮೇಲೆ ನನ್ನ ಬರ್ತಿನ ತುದಿಯಲ್ಲಿಟ್ಟು, ಕಿಟಕಿ ಕಡೆ ತಿರುಗಿಕೊಳ್ಳುತ್ತಿದ್ದರು. ಹಸಿವೇ ಇರಲಿಲ್ಲ, ಆದರೂ ನಾನು ಒಂದು ತೊಳೆಯನ್ನೂ ಬಿಡದೆ ತಿಂದೆ.

ಊರಿಗೆ ಬಂದ ಮೇಲೆ ಮಾತು ಶುರುವಾಯಿತು. ಆದರೆ ಅದು ನೆಂಟರ ಮಾತು. ರಾಮನಗರಕ್ಕೆ ಬಂದಾಗ ಮನೆಗೆ ಬರುತ್ತಿದ್ದರು, ಕಾಫಿ ಕುಡಿಯುತ್ತಿದ್ದರು, ನನ್ನ ಬಿಪಿ ವಿಚಾರಿಸುತ್ತಿದ್ದರು. ಕಾನ್ವೆಂಟಮ್ಮ ಅಂತ ಮಾತ್ರ ಕರೆಯಲಿಲ್ಲ. ಹೆಸರು ಹಿಡಿದು ಕರೆದರು. ನನ್ನ ಹೆಸರು ಅಷ್ಟು ಪರಕೀಯವಾಗಿ ನನಗೆ ಯಾವತ್ತೂ ಕೇಳಿಸಿರಲಿಲ್ಲ. ಒಂದೂವರೆ ವರ್ಷ ಹಾಗೇ ನಡೆಯಿತು.

ಅಕ್ಕನನ್ನು ಕೊನೆಯ ಸಲ ನೋಡಿದ್ದು ಒಂದು ಮಂಗಳವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಅಕ್ಕನ ಸೊಸೆಯ ಫೋನ್ ಬಂತು. "ಚಿಕ್ಕತ್ತೆ, ಅತ್ತೆಗೆ ಒಸಿ ಮೈ ಹುಷಾರಿಲ್ಲ. ಅವಸರ ಏನಿಲ್ಲ."

ಮಗಳು ಸ್ಕೂಲಿಗೆ ಪಾಠ ಮಾಡಲು ಹೋಗಿದ್ದಳು. ಒಲೆಯ ಮೇಲೆ ಸಾರಿತ್ತು, ಆರಿಸಿದೆ. ಬಸ್ಸಿಗೆ ಕಾಯುವ ಧೈರ್ಯವಾಗಲಿಲ್ಲ. ಆಟೋದವನಿಗೆ ಕೈಲಾಂಚ ಅಂದೆ. ಹಿಪ್ಪುನೇರಳೆ ತೋಟಗಳ ನಡುವಿನ ಆ ರಸ್ತೆ ನನಗೆ ಇಷ್ಟು ಉದ್ದ ಅಂತ ಯಾವತ್ತೂ ಅನ್ನಿಸಿರಲಿಲ್ಲ.

ಅಕ್ಕ ಪಡಸಾಲೆಯ ಕಿಟಕಿ ಪಕ್ಕ ಮಂಚದ ಮೇಲೆ, ಎರಡು ದಿಂಬಿಗೆ ಒರಗಿ ಕೂತಿದ್ದರು. ಮುಖ ಕೈಮುಷ್ಟಿಯಷ್ಟಾಗಿತ್ತು. ಆದರೆ ಕಣ್ಣು ಬಾಗಿಲ ಮೇಲೇ ಇತ್ತು. ನಾನು ಏದುಸಿರು ಬಿಡುತ್ತಾ ಹೊಸಿಲಲ್ಲಿ ನಿಂತಾಗ ಅವರು ಗೋಡೆ ಗಡಿಯಾರ ನೋಡಿದರು, ಆಮೇಲೆ ನನ್ನ ಕಾಲು ನೋಡಿದರು.

"ಏನ್ ಕಾನ್ವೆಂಟಮ್ಮ, ಇದು ಯಾವ್ ಫ್ಯಾಷನ್ನು?"

ಬಗ್ಗಿ ನೋಡಿಕೊಂಡೆ. ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಮಗಳದು.

"ಅವಸರ ಏನಿಲ್ಲ ಅನ್ಲಿಲ್ವಾ ಅವ್ಳು?" ಅಂದರು ಅಕ್ಕ.

"ಅಂದಳು."

"ಹಂಗನ್ನು ಅಂತ ಹೇಳ್ಕೊಟ್ಟಿದ್ದು ನಾನೇಯ. ಏನ್ ಮಾಡ್ತೀಯೋ ನೋಡನ ಅಂತ."

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾನು ಬ್ಯಾಡ ಅಂದೆ ಚಿಕ್ಕತ್ತೆ, ಕೇಳ್ಲಿಲ್ಲ" ಅಂದಳು. ಅಕ್ಕ ನಗುತ್ತಿದ್ದರು, ಸದ್ದಿಲ್ಲದೆ, ಭುಜ ಮಾತ್ರ ಕುಲುಕುವ ಹಾಗೆ. ನಾನು ಮಂಚದ ತುದಿಯಲ್ಲಿ ಕೂತೆ. ಅಕ್ಕ ನನ್ನ ಕೈ ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಅವತ್ತು ನಿಜ ಹೇಳಿದ್ರೆ ನಾನೂ ಹಿಂಗೇ ಓಡೋಗ್ತಿದ್ದೆ, ಅಲ್ವೇನೇ?" ಅಂದರು.

"ಓಡಿ ಹೋಗ್ತಿದ್ರಿ ಅಕ್ಕ. ಚಪ್ಪಲೀನೂ ಹಾಕ್ಕೊಳ್ದೆ."

"ನಿಜ ಹೇಳ್ತಿದ್ದೀಯೋ, ಒಸಿ ಬುಟ್ಟು ಹೇಳ್ತಿದ್ದೀಯೋ?"

"ಏನೂ ಬಿಟ್ಟಿಲ್ಲ."

ಕಿಟಕಿಯ ಮೇಲೆ ಒಂದು ಕಿತ್ತಳೆ ಇತ್ತು. ಸುಲಿ ಅಂದರು. ಸುಲಿದು ಕೊಟ್ಟೆ. ಅಕ್ಕ ಅದನ್ನು ಎರಡು ಭಾಗ ಮಾಡಿ, ಒಂದು ತೊಳೆಯನ್ನು ಬಿಡಿಸಿ, ಎರಡು ಬೆರಳಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಕಿಟಕಿಯ ಬೆಳಕಿಗೆ ಎತ್ತಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ನನ್ನ ಅಂಗೈಯಲ್ಲಿಟ್ಟು, "ತಿನ್ನು" ಅಂದರು.